ಎಕ್ಸ್ ಅಂದ್ರ ಕಾಟು ಅಲ್ರಿ

ಡಿಸೆಂಬರ್ ಬಂತಂದ್ರ ಸಾಕು, ವಾಟ್ಸಾಪಿನ್ಯಾಗ ಒಂದು ಉಪದೇಶ ತಪ್ಪದ ಬರತದ: 'ಎಕ್ಸ್‌ಮಸ್ ಅಂತ ಬರೀಬ್ಯಾಡ್ರಿ, ಕ್ರಿಸ್ತನ ಹೆಸರಿಗೆ ಕಾಟು ಹೊಡದಂಗ ಆಗತದ.' ಪ್ರೀತಿಲೆ ಶುಭಾಶಯ ಕಳಿಸಿದವರೂ, ಕೇಕಿನ ಮ್ಯಾಲೆ ಜಾಗಾ ಸಾಲದ ಇಂಗ್ಲಿಷಿನ್ಯಾಗ ಹಂಗ ಬರದ ಬೇಕರಿಯಂವನೂ ಒಂದ ಏಟಿಗೆ ಅಪರಾಧಿಗಳು! ಓದಿದವರ ಇದನ್ನ ಮುಂದ ದೂಡತಾರ. ಆದ್ರ ಖರೆ ಸಂಗತಿ ಪೂರಾ ಉಲ್ಟಾ ಅದ.

ಇಂಗ್ಲಿಷಿನ ಎಕ್ಸ್ ಹಂಗ ಕಾಣೋ ಅಕ್ಷರ ಗ್ರೀಕಿನ್ಯಾಗೂ ಅದ, ಹೆಸರು 'ಖೀ'. ಹೊಸ ಒಡಂಬಡಿಕೆ ಬರದದ್ದು ಗ್ರೀಕಿನ್ಯಾಗ. ಅಲ್ಲಿ 'ಖ್ರಿಸ್ತೋಸ್' ಅನ್ನೋ ಶಬ್ದದ ಮೊದಲನೇ ಅಕ್ಷರ ಇದ. ಅರ್ಥ, ಅಭಿಷೇಕ ಆದಂವ. ಹೀಬ್ರೂದ 'ಮೆಸ್ಸೀಯ' ಅನ್ನೋದರ ಅನುವಾದ. ಹಳೇ ಗ್ರೀಕ್ ಕೈಬರಹದ ಪ್ರತಿಗಳೊಳಗ ದೇವರು, ಯೇಸು, ಕ್ರಿಸ್ತ ಅನ್ನೋ ಪವಿತ್ರ ಹೆಸರುಗಳನ್ನ ಮೊಟಕು ಮಾಡಿ ಬರದು, ಮ್ಯಾಲೊಂದು ಗೆರಿ ಎಳೀತಿದ್ರು. ಖೀ ಮತ್ತ ಅದರ ಮುಂದಿನ 'ರೋ' ಕೂಡಿಸಿದ ಗುರುತನ್ನ 4ನೇ ಶತಮಾನದಾಗ ಕಾನ್‌ಸ್ಟಂಟೈನ್ ಚಕ್ರವರ್ತಿ ತನ್ನ ದಂಡಿನ ನಿಶಾನಿಗೆ ಹಾಕಿಸಿದ್ದ. 'ಮಸ್' ಅಂದ್ರ ಮಾಸ್, ಚರ್ಚಿನ ಬಲಿಪೂಜಾ. ಈ ಅಕ್ಷರ ಹಚ್ಚಿ ಹಬ್ಬದ ಹೆಸರು ಮೊಟಕು ಮಾಡೋ ರೂಢಿ 16ನೇ ಶತಮಾನದ ಇಂಗ್ಲಿಷಿನ್ಯಾಗನ ಸಿಗತದ. ಅಂಗಡಿಯವರು ಹುಟ್ಟಿಸಿದ್ದಲ್ಲ.

ಮೊಟಕು ಮಾಡೋದ ಅಪಮಾನ ಅಂದ್ರ, ಮನ್ಯಾಗಿನ ಲಗ್ನಪತ್ರಿಕಾ ತಗದು ನೋಡ್ರಿ. 'ಚಿ.' ಅಂತ ಹಾಕಿ ವರನ ಆಯುಷ್ಯ ಕಡಿಮಿ ಮಾಡಿದ್ವೇನು? ಆಚಾರ್ರ ಹೆಸರಿನ ಮುಂದ 'ವೇ.ಮೂ.' ಬರದ್ರ ವೇದ ಅರ್ಧ ಆತೇನು? ಸಾಲ್ಯಾಗ 'ಕ್ರಿ.ಶ.' ಓದಕೋತನ ದೊಡ್ಡವರಾಗೀವಿ. ಅಲ್ಲಿ ಕ್ರಿಸ್ತನ ಹೆಸರು ಒಂದಕ್ಷರ, ಒಂದು ಚುಕ್ಕಿಗೆ ಇಳದದ್ದು ಯಾರಿಗೂ ಚುಚ್ಚಲಿಲ್ಲ.

ಜಗಳಾ ಮಾಡಲೇಬೇಕಂದ್ರ ಬ್ಯಾರೇದಕ್ಕ ಮಾಡ್ರಿ. ಬೋರ್ಡಿನ ಮ್ಯಾಲೆ ಕನ್ನಡದಾಗ 'ಎಕ್ಸ್‌ಮಸ್ ಸೇಲ್' ಅಂತ ಬರೀತಾರಲ್ಲ, ಅದಕ್ಕ. 'ಡಾ.' ಅಂತ ಇದ್ದದ್ದನ್ನ ನಾವು 'ಡಾ' ಅಂತ ಓದಂಗಿಲ್ಲ, ಡಾಕ್ಟರ್ ಅಂತೀವಿ. ಹಂಗನ ಇದನ್ನೂ ಕ್ರಿಸ್‌ಮಸ್ ಅಂತನ ಓದಬೇಕು. ಕನ್ನಡಕ್ಕ ತಂದು 'ಎಕ್ಸ್' ಅಂತ ಬರದ್ರ ಖೀನೂ ಹೋತು, ಕ್ರಿಸ್ತನೂ ಹೋದ. ಉಳದದ್ದು ಇಂಗ್ಲಿಷಿನ ಒಂದು ಅಕ್ಷರದ ಹೆಸರು ಅಷ್ಟ. ಜಾಗಾ ಸಾಲಂಗಿಲ್ಲ ಅನ್ನೋ ನೆಪಾನೂ ನಡಿಯಂಗಿಲ್ಲ. ಕನ್ನಡದಾಗ ಎಕ್ಸ್‌ಮಸ್ ಬರದ್ರೂ ಕ್ರಿಸ್‌ಮಸ್ ಬರದ್ರೂ ಹಿಡಿಯೋ ಜಾಗಾ ಒಂದ.

ಇಂಗ್ಲಿಷಿನ್ಯಾಗ ಯಾರರ ಹಂಗ ಬರದು ಕಳಿಸಿದ್ರ, ಅವರ ಭಕ್ತಿ ಅಳೀಬ್ಯಾಡ್ರಿ. ಶುಭಾಶಯ ತಗೋರಿ, ಕೇಕ್ ತಿನ್ರಿ.