ನೀರಿಗೆ ದಾರಿ ಬಿಟ್ಟ ಕಾಡು

1999ನೆಯ ಇಸವಿ ಅಕ್ಟೋಬರ್ 29ರಂದು ಒಡಿಶಾದ ಪಾರಾದೀಪ ಬಂದರಿನ ಸಮೀಪದಲ್ಲಿ ಚಂಡಮಾರುತವೊಂದು ನೆಲಕ್ಕೆರಗಿತು. ಗಾಳಿಯ ವೇಗ ಗಂಟೆಗೆ ಸುಮಾರು 260 ಕಿಲೋಮೀಟರ್. ಗಾಳಿಗಿಂತಲೂ ಘೋರವಾದುದು ಅದರೊಡನೆ ಬಂದ ಕಡಲು. ಐದಾರು ಮೀಟರ್ ಎತ್ತರಕ್ಕೆ ಉಕ್ಕಿದ ಉಪ್ಪುನೀರು ಊರು, ಹೊಲ, ಗುಡಿ ಎನ್ನದೆ ಒಳನಾಡಿಗೆ ನುಗ್ಗಿತು. ಮಡಿದವರು ಸುಮಾರು 10,000 ಮಂದಿ. ಅವರಲ್ಲಿ ಬಹುಪಾಲು ಜನ ಜಗತ್‌ಸಿಂಗಪುರ ಜಿಲ್ಲೆಯವರು. ಅದರಲ್ಲಿಯೂ ಎರಸಮಾ ಕಡೆಯ ಕಡಲಂಚಿನ ಹಳ್ಳಿಗಳವರು. ಆ ತೀರದಲ್ಲಿ ಒಂದು ಕಾಲಕ್ಕೆ ಇದ್ದ ಕಾಡು ಅಷ್ಟು ಹೊತ್ತಿಗೆ ಬಹುಮಟ್ಟಿಗೆ ಗದ್ದೆಯಾಗಿ, ಸಿಗಡಿಯ ಕೊಳವಾಗಿ ಹೋಗಿದ್ದಿತು.

ಅಲ್ಲಿಂದ ಉತ್ತರಕ್ಕೆ, ಕೇಂದ್ರಪಾಡಾ ಜಿಲ್ಲೆಯಲ್ಲಿ, ಅಂಥ ಕಾಡೊಂದು ಇನ್ನೂ ಉಳಿದಿದ್ದಿತು. ಬ್ರಾಹ್ಮಣಿ, ವೈತರಣಿ ನದಿಗಳು ಕಡಲನ್ನು ಕೂಡುವ ಕೆಸರುನೆಲದಲ್ಲಿ ಹಬ್ಬಿರುವ ಆ ವನಕ್ಕೆ ಭಿತರ್‌ಕನಿಕಾ ಎಂದು ಹೆಸರು. ಕುಂದಾಪುರ, ಹೊನ್ನಾವರಗಳ ಕಡೆಯ ವಾಚಕರಿಗೆ ಅಲ್ಲಿಯ ಮರಗಳ ಪರಿಚಯ ಹೇಳಬೇಕಾದುದಿಲ್ಲ. ಅಳಿವೆಯ ಅಂಚಿನಲ್ಲಿ ಉಬ್ಬರ ಬಂದಾಗ ಅರ್ಧ ಮುಳುಗಿ, ಇಳಿತವಾದಾಗ ಬೇರುಗಳನ್ನೆಲ್ಲ ತೋರಿಸಿಕೊಂಡು ನಿಲ್ಲುವ ಕಾಂಡ್ಲಾ ಮರಗಳ ಬಳಗವೇ ಅದು. ಕೆಲವು ಜಾತಿಗಳ ಬೇರು ಕಾಂಡದಿಂದ ಕಮಾನಿನಂತೆ ಇಳಿದು ಊರುಗೋಲಾಗುತ್ತದೆ. ಮತ್ತೆ ಕೆಲವುಗಳದು ಉಸಿರಾಟಕ್ಕಾಗಿ ಕೆಸರಿನಿಂದ ಮೊಳೆಗಳಂತೆ ಮೇಲಕ್ಕೇಳುತ್ತದೆ. ಬೀಜ ತಾಯಿಮರದಲ್ಲಿಯೇ ಮೊಳೆತು, ಸಸಿಯಾಗಿಯೇ ಕೆಳಗೆ ಬೀಳುವ ಜಾತಿಗಳೂ ಉಂಟು.

ಗಾಳಿಯೂ ನೀರೂ ಇಳಿದ ಮೇಲೆ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ರುಚಿ ಬಡೋಲಾ ಮತ್ತು ಸೈಯದ್ ಐನುಲ್ ಹುಸೇನ್ ಎಂಬ ವಿಜ್ಞಾನಿಗಳು ಈ ಪ್ರದೇಶದ ಮೂರು ಹಳ್ಳಿಗಳ ಮನೆಗಳಲ್ಲಿ ವಿಚಾರಿಸಿ ನಷ್ಟದ ಲೆಕ್ಕ ಹಾಕಿದರು. ಒಂದು ಹಳ್ಳಿ ಕಾಂಡ್ಲಾವನದ ಮರೆಯಲ್ಲಿದ್ದಿತು. ಇನ್ನೊಂದಕ್ಕೆ ಕಾಡಿರಲಿಲ್ಲ, ಕಡಲ ಕಡೆಗೆ ಮಣ್ಣಿನ ಒಡ್ಡು ಇದ್ದಿತು. ಮೂರನೆಯದಕ್ಕೆ ಕಾಡೂ ಇಲ್ಲ, ಒಡ್ಡೂ ಇಲ್ಲ. 2005ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ಕಾಡಿನ ಮರೆಯ ಹಳ್ಳಿಯಲ್ಲಿ ಮನೆಯೊಂದಕ್ಕೆ ಆದ ನಷ್ಟ ಸರಾಸರಿ 33 ಡಾಲರ್. ಯಾವ ಆಸರೆಯೂ ಇಲ್ಲದ ಹಳ್ಳಿಯಲ್ಲಿ 44. ಒಡ್ಡನ್ನು ನಂಬಿದ್ದ ಹಳ್ಳಿಯಲ್ಲಿ 153!

ಅಂಕಿಯನ್ನು ಅದಲುಬದಲಾಗಿ ಬರೆದರೇ ಎಂದು ಯಾರಿಗಾದರೂ ಸಂಶಯ ಬಂದೀತು. ಏನೂ ಇಲ್ಲದವನಿಗಿಂತ ಗೋಡೆ ಕಟ್ಟಿಕೊಂಡವನಿಗೆ ಮೂರು ಪಟ್ಟಿಗೂ ಮಿಗಿಲಾದ ನಷ್ಟವೆ? ಆದುದು ಹೀಗೆ. ಉಕ್ಕಿ ಬಂದ ಕಡಲು ಒಡ್ಡನ್ನು ಹಲವು ಕಡೆ ಒಡೆದು ಒಳಹೊಕ್ಕಿತು. ಗಾಳಿ ನಿಂತು ಕಡಲು ಹಿಂಜರಿದಾಗ, ಒಳಗೆ ಬಂದ ನೀರಿಗೆ ಹೊರಗೆ ಹೋಗಲು ಅದೇ ಒಡ್ಡು ಅಡ್ಡಿಯಾಯಿತು. ಉಪ್ಪುನೀರು ಗದ್ದೆಯಲ್ಲಿಯೇ ನಿಂತಿತು; ಭತ್ತ ಕೊಳೆಯಿತು. ಆಸರೆಯಿಲ್ಲದ ಹಳ್ಳಿಗೆ ಬಂದ ನೀರಾದರೋ ಬಂದ ದಾರಿಯಲ್ಲಿಯೇ ಹಿಂದಿರುಗಿತು.

ಕಾಡು ನೀರನ್ನು ತಡೆಯುವುದಿಲ್ಲ, ತಡಮಾಡಿಸುತ್ತದೆ. ಸಾವಿರಾರು ಬೇರುಗಳ ನಡುವೆ ನುಸುಳಿಕೊಂಡು ಬರುವಷ್ಟರಲ್ಲಿ ಅಲೆಯ ಕಸುವು ಇಳಿದಿರುತ್ತದೆ, ತಂದ ಹೂಳನ್ನು ಅಲ್ಲಿಯೇ ಬಿಟ್ಟಿರುತ್ತದೆ. ಹಿಂದೆ ಹೋಗಲು ದಾರಿಯೂ ತೆರೆದೇ ಇರುತ್ತದೆ. ಹಾಗೆಂದು ಅದಕ್ಕೆ ಇಲ್ಲದ ಮಹಿಮೆಯನ್ನು ಅಂಟಿಸುವುದು ಬೇಡ. ಒಂದು ಕಿಲೋಮೀಟರ್ ಅಗಲದ ಕಾಂಡ್ಲಾವನ ಚಂಡಮಾರುತದ ಉಬ್ಬರವನ್ನು ತಗ್ಗಿಸುವುದು ಹೆಚ್ಚೆಂದರೆ ಅರ್ಧ ಮೀಟರಿನಷ್ಟು. ತೋರಿಕೆಗೆ ನೆಟ್ಟ ನಾಲ್ಕು ಸಾಲು ಗಿಡಗಳಿಂದ ಆಗುವ ಕೆಲಸವಲ್ಲ ಇದು.

ಭಿತರ್‌ಕನಿಕಾದ ಕಡೆ ಸಾವು ಕಡಮೆಯಾದುದಕ್ಕೆ ಚಂಡಮಾರುತದ ಕಣ್ಣು ದೂರ ಇದ್ದುದೇ ಕಾರಣ, ಕಾಡಿಗೇಕೆ ಕೀರ್ತಿ ಎಂದವರೂ ಉಂಟು. ಕೇಳತಕ್ಕ ಪ್ರಶ್ನೆಯೇ. ಸೌದಾಮಿನಿ ದಾಸ್ ಮತ್ತು ಜೆಫ್ರಿ ವಿನ್ಸೆಂಟ್ ಎಂಬ ಅರ್ಥಶಾಸ್ತ್ರಜ್ಞರು ಕೇಂದ್ರಪಾಡಾದ ನೂರಾರು ಹಳ್ಳಿಗಳನ್ನು ಹಿಡಿದು, ಕಡಲಿನ ದೂರ, ಉಬ್ಬರದ ಎತ್ತರ, ಜನರ ಸ್ಥಿತಿಗತಿ ಇವನ್ನೆಲ್ಲ ತೂಗಿ ನೋಡಿ 2009ರಲ್ಲಿ ಉತ್ತರ ಕೊಟ್ಟರು. ಹಳ್ಳಿಗೂ ಕಡಲಿಗೂ ನಡುವೆ ಕಾಡು ಅಗಲವಾಗಿದ್ದಷ್ಟೂ ಸಾವು ಕಡಮೆ. ಉಳಿದಿದ್ದ ಕಾಡೂ ಇಲ್ಲದಿದ್ದರೆ ಹಳ್ಳಿಯೊಂದಕ್ಕೆ ಸರಾಸರಿ ಇನ್ನೂ ಒಬ್ಬಿಬ್ಬರು ಸಾಯುತ್ತಿದ್ದರು. ಅದೇ ಬರಹದಲ್ಲಿ ಇನ್ನೊಂದು ಮಾತೂ ಇದೆ. ಕಾಡಿನ ಅಭಿಮಾನಿಗಳು ಅದನ್ನು ಮರೆಯುವುದುಂಟು. ಮುಂಚಿತವಾಗಿ ಸರ್ಕಾರ ಕೊಟ್ಟ ಎಚ್ಚರಿಕೆಯಿಂದ ಉಳಿದ ಪ್ರಾಣಗಳು ಕಾಡಿನಿಂದ ಉಳಿದವುಗಳಿಗಿಂತ ಹೆಚ್ಚು.

ಆ ಜಿಲ್ಲೆಯಲ್ಲಿ 1944ರಲ್ಲಿ 30,000 ಹೆಕ್ಟೇರಿಗೂ ಮಿಗಿಲಾಗಿದ್ದ ಕಾಂಡ್ಲಾವನ 1999ರ ವೇಳೆಗೆ ಸುಮಾರು 18,000ಕ್ಕೆ ಇಳಿದಿದ್ದಿತು. ಕನಿಕಾದ ಜಮೀನ್ದಾರರ ಕೈಯಿಂದ ಕಾಡು ಸರ್ಕಾರಕ್ಕೆ ಬಂದುದು 1952ರಲ್ಲಿ ಜಮೀನ್ದಾರಿ ರದ್ದಾದ ಮೇಲೆ. ಅನ್ನಕ್ಕಾಗಿ ಕಾಡು ಕಡಿದು ಭತ್ತ ಬಿತ್ತಿದವರನ್ನು ಹಳಿಯುವುದು ಸುಲಭ. ಹಸಿದವನಿಗೆ ಇಂದಿನ ಗದ್ದೆ ಕಾಣುತ್ತದೆ, ಎಂದೋ ಬರುವ ಗಾಳಿ ಕಾಣುವುದಿಲ್ಲ. ಉಳಿದಷ್ಟು ಕಾಡಿನ ಪುಣ್ಯದಲ್ಲಿ ಒಂದು ಪಾಲು ಮೊಸಳೆಗೂ ಸಲ್ಲಬೇಕು. ಉಪ್ಪುನೀರಿನ ಮೊಸಳೆಯನ್ನು ಉಳಿಸಬೇಕೆಂದು 1975ರಲ್ಲಿ ಅಲ್ಲಿ ಅಭಯಾರಣ್ಯವಾಯಿತು. ಮೊಸಳೆಗಳು ಹೆಚ್ಚಿದವು. ಮೊಸಳೆಯಿರುವ ಹಳ್ಳಕ್ಕೆ ಕೊಡಲಿ ಹಿಡಿದು ಇಳಿಯಲು ಎಂಟೆದೆ ಬೇಕಷ್ಟೆ! ಆದರೆ ಹಳ್ಳಿಗರ ದನಕ್ಕೂ ಒಮ್ಮೊಮ್ಮೆ ಮಕ್ಕಳಿಗೂ ಆ ಮೊಸಳೆಯಿಂದ ಬರುವ ಕುತ್ತನ್ನು ಯಾವ ಅರ್ಥಶಾಸ್ತ್ರಜ್ಞರೂ ಕಾಡಿನ ಖರ್ಚಿನ ಪಟ್ಟಿಯಲ್ಲಿ ಸರಿಯಾಗಿ ಬರೆದಂತೆ ಕಾಣದು.

2024ರ ಅಕ್ಟೋಬರ್ 25ರ ನಸುಕಿಗೆ ಮುನ್ನ 'ದಾನಾ' ಎಂಬ ಚಂಡಮಾರುತ ಸಾಕ್ಷಾತ್ ಭಿತರ್‌ಕನಿಕಾದ ಹಬಲಿಖಾಟಿಯ ಬಳಿಯಲ್ಲಿಯೇ ನೆಲ ಮುಟ್ಟಿತು. ಗಾಳಿಯ ವೇಗ ಗಂಟೆಗೆ 100ರಿಂದ 110 ಕಿಲೋಮೀಟರ್. ಹಿಂದಿನದರ ಅರ್ಧಕ್ಕೂ ಕಡಮೆ. ಅದಕ್ಕೆ ಮೊದಲೇ ಒಡಿಶಾ ಸರ್ಕಾರ ಆರು ಲಕ್ಷದ ಸಮೀಪದಷ್ಟು ಜನರನ್ನು ಆಶ್ರಯಗಳಿಗೆ ಸಾಗಿಸಿದ್ದಿತು. ಹೊಲಗಳಲ್ಲಿ ನೀರು ನಿಂತಿತು, ಬೆಳೆ ಹಾಳಾಯಿತು. ಆದರೆ ಬೆಳಗಾದ ಮೇಲೆ ಎರಸಮಾದಲ್ಲಿ ಅಂದು ಆದಂತೆ ಹೆಣ ಹುಡುಕಬೇಕಾದ ಸ್ಥಿತಿ ಯಾವ ಹಳ್ಳಿಗೂ ಬರಲಿಲ್ಲ.