ಕತೆಯ ಕೊನೆಗೆ ಹೊಣೆ ಯಾರು?

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಮಗ ಗೇಮ್ ಮುಗಿಸಿ ಸಪ್ಪೆ ಮೋರೆ ಹಾಕಿ ಕುಳಿತರೆ ಹೆತ್ತವರಾದ ನಾವು ಗದರಿಸಿ ಸುಮ್ಮನಾಗುತ್ತೇವೆ. ಕತೆಯ ಕೊನೆ ಚೆನ್ನಾಗಿಲ್ಲವೆಂಬ ಅವನ ದೂರು ನಮಗೆ ದೂರೇ ಅಲ್ಲ. ಆದರೆ ದುರ್ಗದಬೈಲಿನಲ್ಲಿ ಕೊಂಡ ಬಟ್ಟೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟರೆ ಮರುದಿನ ಅಂಗಡಿಯ ಮುಂದೆ ನಿಲ್ಲುವವರೂ ನಾವೇ.

2012ರ ಮಾರ್ಚ್‌ನಲ್ಲಿ ಕೆನಡಾದ ಬಯೋವೇರ್ ಸಂಸ್ಥೆಯು 'ಮಾಸ್ ಎಫೆಕ್ಟ್ 3' ಎಂಬ ಗೇಮನ್ನು ಬಿಡುಗಡೆಗೊಳಿಸಿತು. 2007ರಲ್ಲಿ ಆರಂಭಗೊಂಡ ಕತೆಯ ಮೂರನೆಯ ಭಾಗವದು. ಆಟಗಾರ ಕೈಗೊಂಡ ತೀರ್ಮಾನಗಳು ಮುಂದಿನ ಭಾಗಕ್ಕೂ ಸಾಗಿ ಬಂದು ಕತೆಯ ದಿಕ್ಕನ್ನು ಬದಲಿಸುತ್ತವೆ ಎಂಬುದೇ ಅದರ ಆಕರ್ಷಣೆ. ಮಾರಾಟದ ಮಾತೂ ಅದೇ. ಐದು ವರ್ಷ ಅದನ್ನು ನಂಬಿ ಆಡಿದವರಿಗೆ ದಕ್ಕಿದ್ದು ಹೆಚ್ಚುಕಡಿಮೆ ಒಂದೇ ತೆರನಾದ ಅಂತ್ಯ. ಕೆಂಪು, ನೀಲಿ, ಹಸಿರು ಬಣ್ಣಗಳಷ್ಟೇ ಬೇರೆ. ಅಭಿಮಾನಿಗಳು ಅದೇ ಮೂರು ಬಣ್ಣಗಳ ಸುಮಾರು 400 ಕಪ್‌ಕೇಕ್‌ಗಳನ್ನು ಸಂಸ್ಥೆಗೆ ಕಳುಹಿಸಿದರು. ಬಣ್ಣ ಯಾವುದಾದರೂ ರುಚಿ ಒಂದೇ! ಬೈಗುಳಕ್ಕಿಂತ ಇಂತಹ ಪ್ರತಿಭಟನೆ ಎಷ್ಟೋ ವಾಸಿ. ಜೂನ್‌ನಲ್ಲಿ ಸಂಸ್ಥೆಯು ಅಂತ್ಯವನ್ನು ವಿಸ್ತರಿಸಿ ಉಚಿತವಾಗಿ ನೀಡಿತು. ಅದೇ ವರ್ಷ ಜಪಾನಿನ ಕ್ಯಾಪ್ಕಾಮ್ ಸಂಸ್ಥೆಯು 'ಅಸುರಾಸ್ ರಾತ್' ಎಂಬ ಗೇಮಿನ ನಿಜವಾದ ಕೊನೆಯ ಅಧ್ಯಾಯಗಳನ್ನು ಪ್ರತ್ಯೇಕ ಬೆಲೆಗೆ ಮಾರಿತು.

ಹಾಗಾದರೆ ಕತೆಗಾರನು ಕೊಳ್ಳುವವನ ಗುಲಾಮನೇ? ಖಂಡಿತ ಅಲ್ಲ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ 'ಶೋಲೆ'ಯನ್ನೇ ನೋಡಿ. ಮೊದಲ ದಿನಗಳ ಗಳಿಕೆ ನಿರಾಶೆ ತಂದಾಗ, ಸಾಯುವ ಜೈಯನ್ನು ಬದುಕಿಸಿಬಿಡುವ ಯೋಚನೆ ತಯಾರಕರಿಗೆ ಬಂದಿತ್ತು. ಅದನ್ನು ಕೈಬಿಟ್ಟರು. ಜನ ಅತ್ತರು, ಅತ್ತು ಮತ್ತೆ ಮತ್ತೆ ನೋಡಿದರು. ಅತ್ತ ಠಾಕೂರ್‌ನು ಗಬ್ಬರ್‌ನನ್ನು ಕೊಲ್ಲುವ ಮೂಲ ಅಂತ್ಯವನ್ನು ತುರ್ತುಪರಿಸ್ಥಿತಿಯ ಸೆನ್ಸಾರ್ ಒಪ್ಪಲಿಲ್ಲ. ಪೊಲೀಸರು ಬಂದು ತಡೆಯುವಂತೆ ತಿದ್ದಬೇಕಾಯಿತು. ಆ ಮೂಲ ಅಂತ್ಯವುಳ್ಳ ಪ್ರತಿಯು ಇಟಲಿಯ ಬೊಲೊನ್ಯಾ ಚಿತ್ರೋತ್ಸವದಲ್ಲಿ ಪ್ರದರ್ಶನಗೊಳ್ಳಲು 2025 ಬರಬೇಕಾಯಿತು. ಕತೆಗಾರನ ಕೈ ಹಿಡಿದು ತಿದ್ದುವ ಅಧಿಕಾರ ಆಳುವವರಿಗೂ ಇರಬಾರದು, ಗದ್ದಲವೆಬ್ಬಿಸುವ ಗುಂಪಿಗೂ ಇರಬಾರದು.

ವಸ್ತುತಃ ದುಃಖಾಂತ್ಯ ಮೋಸವಲ್ಲ. ಅಂತ್ಯ ನಿನ್ನ ಕೈಯಲ್ಲಿದೆ ಎಂದು 'ಶೋಲೆ'ಯ ಟಿಕೆಟಿನ ಮೇಲೆ ಯಾರೂ ಬರೆದಿರಲಿಲ್ಲ. ಗೇಮ್ ತಯಾರಕರು ಹಾಗೆಂದು ಹೇಳಿಯೇ ಹಣ ಪಡೆಯುತ್ತಾರೆ. ತಪ್ಪುದಾರಿಗೆಳೆಯುವ ಜಾಹೀರಾತನ್ನು ಪ್ರಶ್ನಿಸಲು ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ಬಟ್ಟೆ, ಸಾಬೂನು ಮಾರುವವರಿಗೆ ಅನ್ವಯಿಸುವ ಈ ನಿಯಮದಿಂದ ಗೇಮ್ ಮಾರುವವರನ್ನು ಹೊರಗಿಡಲು ನಮಗಂತೂ ಕಾರಣ ಕಾಣುತ್ತಿಲ್ಲ. ಮಗ ಮುಂದಿನ ಸಲ ದೂರು ತಂದಾಗ, ಯಾವ ಮಾತನ್ನು ನಂಬಿ ಹಣ ಕೊಟ್ಟೆ ಎಂದು ಅವನನ್ನು ಕೂರಿಸಿಕೊಂಡು ಕೇಳೋಣ.