ವೃತ್ತಿಪರಿಚಯವೂ ವಿನಯವೂ

ತನ್ನನ್ನು ತಾನೇ ಹೊಗಳಿಕೊಳ್ಳುವುದು ಆತ್ಮಹತ್ಯೆಗೆ ಸಮಾನವೆಂದು ಮಹಾಭಾರತದ ಕರ್ಣಪರ್ವದಲ್ಲಿ ಶ್ರೀಕೃಷ್ಣನು ಅರ್ಜುನನಿಗೆ ತಿಳಿಸುತ್ತಾನೆ. ಈ ಸಂಸ್ಕಾರದಲ್ಲಿ ಬೆಳೆದ ಗ್ರಾಮೀಣ ಪದವೀಧರರು ತಮ್ಮ ವೃತ್ತಿಪರಿಚಯವನ್ನು ಆಗಾಗ ತಿದ್ದಿ ಬರೆಯಲು ಸಂಕೋಚಪಡುವುದು ಸಹಜವೇ ಸರಿ. ಆದರೆ ಮಾಡಿದ ಕೆಲಸವನ್ನು ಮಾಡಿದಷ್ಟೇ ಹೇಳುವುದು ನಿವೇದನೆಯೇ ಹೊರತು ಆತ್ಮಶ್ಲಾಘನೆಯಾಗದು.

ಹಿಂದೆ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿದವರು ಗೊತ್ತಾದ ಅವಧಿಗೊಮ್ಮೆ ಕಾರ್ಡನ್ನು ನವೀಕರಿಸದಿದ್ದರೆ ಸರದಿಯ ಹಿರಿತನವನ್ನೇ ಕಳೆದುಕೊಳ್ಳುತ್ತಿದ್ದರು. ಆ ಭಯವೇ ಅವರನ್ನು ಜಿಲ್ಲಾ ಕೇಂದ್ರಕ್ಕೆ ಕರೆತರುತ್ತಿತ್ತು. 2003ರಲ್ಲಿ ಆರಂಭವಾದ ಲಿಂಕ್ಡ್‌ಇನ್‌ನಲ್ಲಾಗಲಿ, 2015ರಲ್ಲಿ ಕೇಂದ್ರ ಸರ್ಕಾರವು ತೆರೆದ ರಾಷ್ಟ್ರೀಯ ವೃತ್ತಿ ಸೇವೆಯ ಜಾಲತಾಣದಲ್ಲಾಗಲಿ ಹಳೆಯ ಪರಿಚಯವು ಹಾಗೆಯೇ ಬಿದ್ದಿರುತ್ತದೆ, ಎಚ್ಚರಿಸುವ ಗುಮಾಸ್ತನಿಲ್ಲ. ನೌಕರಿ ಕೊಡುವವರಾದರೋ ತಮಗೆ ಬೇಕಾದ ವಿದ್ಯೆಯ ಹೆಸರು ಹಿಡಿದೇ ಹುಡುಕುತ್ತಾರೆ. ಐದು ವರ್ಷ ಅಂಗಡಿಯ ಲೆಕ್ಕಪತ್ರ ನೋಡಿ ಟ್ಯಾಲಿ, ಜಿ.ಎಸ್.ಟಿ. ವಿವರಪಟ್ಟಿಗಳನ್ನು ಕರಗತ ಮಾಡಿಕೊಂಡ ತರುಣನು ಅಲ್ಲಿ ಇನ್ನೂ ‘ಬಿ.ಕಾಂ., ಉದ್ಯೋಗಾಕಾಂಕ್ಷಿ’ ಎಂದೇ ಉಳಿದಿದ್ದರೆ ಅವರ ಕಣ್ಣಿಗೆ ಬೀಳುವುದಾದರೂ ಹೇಗೆ? ಅವನಿಗಿಂತ ಕಡಿಮೆ ಬಲ್ಲವನಿಗೆ ಕರೆ ಹೋಗುತ್ತದೆ. ದೂರವಾಣಿಯ ಸಂಖ್ಯೆ ಬದಲಾದುದನ್ನೂ ತಿದ್ದದವರಿದ್ದಾರೆ. ಅಂಥವರಿಗೆ ಬಂದ ಕರೆಯೂ ಮುಟ್ಟದು.

ಇಲ್ಲದ ವಿದ್ಯೆಯನ್ನು ಸೇರಿಸಿ ಬರೆಯುವವರ ವಿಚಾರ ಬೇರೆ. ಅವರ ಬಣ್ಣ ಸಂದರ್ಶನದಲ್ಲಿಯೇ ಬಯಲಾಗುತ್ತದೆ. ಅರ್ಜಿ ಬರೆಯುವ ಕ್ರಮವನ್ನು ಕಲಿಸುವ ಭಾಷಾ ಉಪಾಧ್ಯಾಯರು, ಆರು ತಿಂಗಳಿಗೊಮ್ಮೆ ಪರಿಚಯವನ್ನು ತಿದ್ದಿ ಬರೆಯುವುದನ್ನೂ ಆ ಪಾಠದೊಡನೆಯೇ ಕಲಿಸಬಹುದಾಗಿದೆ.